ಮೈಲೇಜ್ ಭಾವನ ಕಾರು

ಆ ಕಾರಿಗೆ ಎಸಿ ಇತ್ತು. ಒಳ್ಳೆಯ ಎಸಿಯೇ. ಆದರೆ ಕಾರು ಮನೆಗೆ ಬಂದ ದಿನದಿಂದ ಅದರ ಗುಂಡಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಮೈಲೇಜ್ ಬೀಳುತ್ತದೆ.

ಈ ಕಾನೂನು ಮಾಡಿದವನು ಮನೆಯ ಯಜಮಾನ, ವಿಮಾ ಕಚೇರಿಯ ಅಧಿಕಾರಿ. ಕೇಕ್ ಮಾಡಿ ಮಾರುವ ಅವನ ಹೆಂಡತಿಯ ತಮ್ಮಂದಿರು ಬೆನ್ನ ಹಿಂದೆ ಅವನಿಗೆ ಇಟ್ಟ ಹೆಸರು ಮೈಲೇಜ್ ಭಾವ. ಅವನದು ಹೈಬ್ರಿಡ್ ಕಾರು. ಸ್ವಲ್ಪ ಹೊತ್ತು ಬ್ಯಾಟರಿಯಲ್ಲಿ, ಸ್ವಲ್ಪ ಹೊತ್ತು ಪೆಟ್ರೋಲಿನಲ್ಲಿ ಓಡುತ್ತದೆ, ಯಾವಾಗ ಯಾವುದು ಎಂದು ಅದೇ ತೀರ್ಮಾನಿಸುತ್ತದೆ. ಸ್ಟೇರಿಂಗ್ ಪಕ್ಕದ ಪರದೆಯ ಮೇಲೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಅಂಕಿ ಹಸಿರಾಗಿ ಹೊಳೆಯುತ್ತಿರುತ್ತದೆ. ಅಂಥದೇ ಕಾರು ಇಟ್ಟುಕೊಂಡವರದೊಂದು ಗುಂಪು ಫೋನಿನಲ್ಲಿತ್ತು. ದಿನಾ ಸಂಜೆ ಆ ಅಂಕಿಯ ಫೋಟೋ ಹಾಕಿ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಳ್ಳುತ್ತಿದ್ದರು. ಹೆಂಡತಿ ಮಗಳು ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ ಇಳಿದರೂ ಅವನು ಮೊದಲು ಫೋಟೋ ತೆಗೆಯುತ್ತಿದ್ದ. ಕೆಲವರಿಗೆ ಕಣ್ಣು ಇರುವುದು ಅಂಕಿ ನೋಡುವುದಕ್ಕೆ ಮಾತ್ರ.

ಎಸಿ ಹಾಕಿದರೆ ಮೈಲೇಜ್ ಬೀಳುವುದು ಸುಳ್ಳೇನಲ್ಲ. ಎಸಿ ತಿನ್ನುವುದು ಬ್ಯಾಟರಿಯನ್ನೇ, ಬ್ಯಾಟರಿ ಇಳಿದರೆ ನಿಂತಲ್ಲೇ ಇಂಜಿನ್ ಎದ್ದು ಅದಕ್ಕೆ ಉಣ್ಣಿಸಬೇಕು. ಹೆಂಡತಿಗೂ ಅದು ಗೊತ್ತಿತ್ತು. ಅವನ ಬಾಯಿಂದ ಕೇಳಿ ಕೇಳಿ ಕಿವಿ ತೂತಾಗಿತ್ತು. ವಿಚಿತ್ರವೆಂದರೆ, ಬೇಸಿಗೆ ಶುರುವಾದ ಮೇಲೆ ಎಸಿ ಹಾಕದೆಯೇ ಅಂಕಿ ಇಳಿಯತೊಡಗಿತು. ಪರದೆಯ ಮೂಲೆಯಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತು. ಕಂಪನಿಯವರು ಗ್ಯಾರೇಜಿಗೆ ಎಳೆದುಕೊಳ್ಳಲು ಹೂಡಿದ ಆಟ ಎಂದು ಅವನು ಅದರತ್ತ ತಿರುಗಿಯೂ ನೋಡಲಿಲ್ಲ. ಬದಲಿಗೆ ಮನೆಯಲ್ಲಿ ವಿಚಾರಣೆ ನಡೆಸಿದ.

"ನಾನಿಲ್ದಾಗ ಯಾರೋ ಎಸಿ ಹಾಕಿದೀರ. ನಿಜ ಹೇಳಿ."

"ಕೀ ನಿಮ್ಮ ಜೇಬಲ್ಲೇ ಇರುತ್ತಲ್ರೀ," ಎಂದಳು ಅವಳು.

"ಮತ್ತೆ ಮೈಲೇಜ್ ಏನು ತಾನಾಗೇ ಬೀಳುತ್ತಾ?"

ಮಗಳು ತಟ್ಟೆಯ ಮೇಲಿಟ್ಟ ಕಣ್ಣು ಎತ್ತಲಿಲ್ಲ. ತಾಯಿ ಆಗಲೂ ಹಲ್ಲು ಕಚ್ಚಿ ಸುಮ್ಮನಾದಳು. ಸುಮ್ಮನಾಗಿದ್ದು ತಪ್ಪಾಯಿತು.

ಈಗ ಕೇಕಿನ ಮಾತು. ಮನೆಯ ಅಡುಗೆಮನೆಯಲ್ಲೇ ಹುಟ್ಟುಹಬ್ಬದ ಕೇಕುಗಳನ್ನು ಮಾಡಿಕೊಂಡಿದ್ದವಳಿಗೆ ದೊಡ್ಡ ಹೋಟೆಲೊಂದು ಮದುವೆಯ ಕೇಕ್ ಒಪ್ಪಿಸಿತ್ತು. ಅಲ್ಲಿಯ ಮುಖ್ಯ ಅಡುಗೆಯವಳು ಖಡಕ್ ಹೆಂಗಸು. "ಇದು ಚೆನ್ನಾಗಿ ನಿಂತ್ರೆ ಮುಂದಿನ ಮದುವೆಗಳೆಲ್ಲ ನಿಮ್ಮವೇ. ಕೂತ್ರೆ ಮತ್ತೆ ನಾನು ಫೋನ್ ಮಾಡಲ್ಲ," ಎಂದಿದ್ದಳು. ಕೇಕ್ ಮಾಡುವವಳಿಗೆ ಇದಕ್ಕಿಂತ ನೇರವಾದ ಮಾತನ್ನು ಇಷ್ಟು ವರ್ಷಗಳಲ್ಲಿ ಯಾರೂ ಆಡಿರಲಿಲ್ಲ. ಮೂರು ಅಂತಸ್ತಿನ ಕೇಕ್ ಮಾಡಿದಳು. ಬಿಳಿ ಕ್ರೀಮು, ಅಂಚಿಗೆಲ್ಲ ಕ್ರೀಮಿನದೇ ಎಲೆಗಳು. ಒಂದೊಂದು ಎಲೆಗೂ ಉಸಿರು ಬಿಗಿಹಿಡಿದಿದ್ದಳು.

ಹೋಟೆಲಿನ ತಂಪುವ್ಯಾನು ಕರೆಸುತ್ತೇನೆಂದರೆ ಗಂಡ ಒಪ್ಪಲಿಲ್ಲ. "ಮನೇಲಿ ಕಾರಿಟ್ಕೊಂಡು ವ್ಯಾನ್ ಯಾಕೆ? ನಾನೇ ಬಿಡ್ತೀನಿ."

"ಎಸಿ ಹಾಕ್ಬೇಕು. ಹೊರಟಾಗಿಂದ ತಲುಪೋವರೆಗೂ. ಕ್ರೀಮ್ ಕರಗುತ್ತೆ."

"ಆಯ್ತು ಕಣೇ. ಒಂದಿನ ತಾನೆ."

ಮಧ್ಯಾಹ್ನದ ಬಿಸಿಲಲ್ಲಿ ಹೊರಟರು. ಯಾವಾಗಲೂ ಮುಂದೆ ಕೂರುತ್ತಿದ್ದವಳು ಅಂದು ಹಿಂದಿನ ಸೀಟಿನಲ್ಲಿ ಕೇಕಿನ ಪೆಟ್ಟಿಗೆಯನ್ನು ಎರಡು ಕೈಗಳಿಂದ ಹಿಡಿದು ಕೂತಳು. ಎಸಿ ತಣ್ಣಗೆ ಬರುತ್ತಿತ್ತು. ಪೆಟ್ಟಿಗೆಯ ಪಾರದರ್ಶಕ ಮುಚ್ಚಳದೊಳಗೆ ಎಲೆಗಳು ನೆಟ್ಟಗಿದ್ದವು. ಗಂಡನ ಮೇಲೆ ಅವಳಿಗೆ ಎಷ್ಟೋ ದಿನದ ಮೇಲೆ ಒಂದಿಷ್ಟು ಪ್ರೀತಿ ಬಂತು.

ಮೇಲ್ಸೇತುವೆಯ ಕೆಳಗೆ ವಾಹನಗಳು ಅಂಟಿಕೊಂಡು ನಿಂತಿದ್ದವು. ಕಾರು ಒಂದು ಮಾರು ಮುಂದೆ ಹೋಗುವುದು, ನಿಲ್ಲುವುದು. ಸ್ವಲ್ಪ ಹೊತ್ತಿಗೆ ಅವಳ ಕುತ್ತಿಗೆಯಲ್ಲಿ ಬೆವರೊಡೆಯಿತು.

"ರೀ, ಎಸಿ ಇದೆಯಾ?"

"ಗಾಳಿ ಬರ್ತಿಲ್ವಾ?"

ಬರುತ್ತಿತ್ತು. ಆದರೆ ಬೆಚ್ಚಗಿತ್ತು. ಮೇಲಿನ ಅಂತಸ್ತಿನ ಒಂದು ಎಲೆ ಮೆಲ್ಲನೆ ಜಾರಿ ಕೆಳಗಿನದರ ಮೇಲೆ ಮಲಗಿತು. ಅವಳು ಕತ್ತು ಚಾಚಿ ಮುಂದೆ ನೋಡಿದಳು. ಫ್ಯಾನ್ ತಿರುಗುತ್ತಿತ್ತು, ಎಸಿ ಗುಂಡಿಯ ದೀಪ ಆರಿತ್ತು. ಹಿಂದೆ ಕೂತವಳಿಗೆ ಗೊತ್ತಾಗುವುದಿಲ್ಲ ಎಂದು ಎಸಿ ಆರಿಸಿ ಬರೀ ಫ್ಯಾನ್ ಬಿಟ್ಟಿದ್ದ. ಕಳ್ಳ.

"ಎಸಿ ಹಾಕ್ರೀ." ಅವಳ ದನಿ ಏರಲಿಲ್ಲ, ಅದಕ್ಕೇ ಅವನು ಬೆದರಿದ.

"ಜಾಮ್‌ನಲ್ಲಿ ಮಾತ್ರ ಆರ್ಸಿದೆ ಕಣೇ. ನಿಂತಾಗ್ಲೇ ಜಾಸ್ತಿ ತಿನ್ನೋದು ಅದು."

ಹಾಕಿದ. ಆದರೆ ಕಾರು ಅಷ್ಟರಲ್ಲಿ ಮುನಿಸಿಕೊಂಡಿತ್ತು. ಹಳದಿ ದೀಪ ಕೆಂಪಾಯಿತು, ಇಂಜಿನ್ ಗರ್ರೆಂದಿತು, ಬ್ಯಾಟರಿ ಬಿಸಿಯಾಗಿದೆ ಎಂದು ಪರದೆಯ ಮೇಲೆ ಮೂಡಿತು. ಎಸಿಯಿಂದ ಉಗುರುಬೆಚ್ಚಗಿನ ಗಾಳಿಯಷ್ಟೇ ಬಂತು. ಎಕ್ಸಲರೇಟರ್ ತುಳಿದರೂ ಕಾರು ತೆವಳಿತು.

"ನೋಡ್ದ್ಯಾ? ಎಸಿ ಎಸಿ ಅಂತ ಪ್ರಾಣ ತಿಂದೆ. ಈಗ ಬ್ಯಾಟರೀನೇ ಕೈಕೊಟ್ಟಿತು," ಎಂದ ಅವನು.

ಅವಳ ಪಿತ್ತ ನೆತ್ತಿಗೇರಿತು. ಬಾಯಿ ತೆರೆಯುವ ಮುಂಚೆ ಸೊಂಟದ ಪಕ್ಕದಲ್ಲಿ, ಸೀಟು ಬಾಗಿಲಿನ ಕಡೆ ಮುಗಿಯುವಲ್ಲಿ, ಏನೋ ಒಂದೇ ಸಮನೆ ನರಳುವ ಸದ್ದು ಕೇಳಿತು. ಕೈಯಾಡಿಸಿದಳು. ಅಲ್ಲೊಂದು ಪ್ಲಾಸ್ಟಿಕ್ ಜಾಲರಿ. ಅದರ ಬಾಯಿಗೆ ಯಾರೋ ಬಟ್ಟೆಯನ್ನು ಒತ್ತಿ ಒತ್ತಿ ತುರುಕಿದ್ದರು. ಎಳೆದರೆ ಬಂದದ್ದು ನೀಲಿ ಗೆರೆಯ ಟವೆಲ್. ಅವಳ ಅಡುಗೆಮನೆಯಿಂದ ಕಾಣೆಯಾಗಿದ್ದದ್ದು. ಅದನ್ನು ಎಲ್ಲೋ ಬಿಸಾಕಿ ಬಂದಿದ್ದಾಳೆಂದು ಮಗಳನ್ನು ಬೈದು ಅಳಿಸಿದ್ದಳು. ಟವೆಲ್ ಹೊರಬಂದ ಕೂಡಲೇ ಜಾಲರಿ ಸುಯ್ಯೆಂದು ಗಾಳಿ ಒಳಗೆಳೆದುಕೊಂಡಿತು. ಪಕ್ಕದಲ್ಲೇ ಚಿತ್ರ ಸಹಿತ ಚೀಟಿ ಅಂಟಿಸಿತ್ತು: ಇದು ಬ್ಯಾಟರಿಗೆ ತಂಪು ಹೋಗುವ ದಾರಿ, ಮುಚ್ಚಬೇಡಿ.

"ಇದು ಇಲ್ಲಿ ಯಾಕಿದೆ?"

ಅವನು ಕನ್ನಡಿಯಲ್ಲಿ ನೋಡಿದ. "ಅಲ್ಲಿಂದ ಗಾಳಿ ಸೋರಿಹೋಗ್ತಿತ್ತು. ಗೆಳೆಯರು ಬಂದ ದಿನ ಎಸಿ ಹಾಕಿದ್ನಲ್ಲ, ತಂಪೆಲ್ಲ ಆ ತೂತಿಂದ ಎಳ್ಕೊಂಡು ಹೋಗ್ತಿತ್ತು. ವೇಸ್ಟ್ ಅಂತ ಮುಚ್ಚಿದೆ."

ಗೆಳೆಯರು ಬಂದ ದಿನ ಎಸಿ ಹಾಕಿದ್ದ. ಅವಳ ಕಿವಿಗೆ ಮೊದಲು ಬಿದ್ದದ್ದು ಆ ಮಾತು. ಆಮೇಲೆ ಉಳಿದದ್ದು ತಾನಾಗಿ ಬಿಡಿಸಿಕೊಂಡಿತು. ತಂಪು ಬೇಕಿದ್ದುದು ಬ್ಯಾಟರಿಗೂ. ಇವನು ಅದರ ಮೂಗಿಗೇ ಬಟ್ಟೆ ತುರುಕಿ, ಕಾರಿನೊಳಗೆಲ್ಲ ಬಿಸಿ ಕೂಡಿಹಾಕಿ, ಮೈಲೇಜ್ ಬಿತ್ತೆಂದು ಹೆಂಡತಿ ಮಗಳನ್ನು ಕಟಕಟೆಗೆ ಹತ್ತಿಸಿದ್ದ. ಉಳಿಸಲು ಹೋಗಿ ಕಳೆದವನು ಇವನೇ, ಬೈಸಿಕೊಂಡವರು ಅವರು.

"ಬ್ಯಾಟರಿ ಉಸಿರಾಡೋ ಜಾಗ ಅದು. ಇಲ್ಲಿ ಬರೆದಿದೆ, ಓದಿ," ಎಂದಳು.

ಅವನು ಓದಲಿಲ್ಲ. ಮೇಲಿನ ಅಂತಸ್ತು ಆ ಹೊತ್ತಿಗೆ ಒಂದು ಕಡೆಗೆ ವಾಲಿ, ಪೆಟ್ಟಿಗೆಯ ಗೋಡೆಗೆ ಮುಖವಿಟ್ಟಿತು.

ಹೋಟೆಲಿನ ಹಿಂಬಾಗಿಲಲ್ಲಿ ಮುಖ್ಯ ಅಡುಗೆಯವಳು ಪೆಟ್ಟಿಗೆ ತೆರೆದು, ಬೆರಳ ತುದಿಯಲ್ಲಿ ಕ್ರೀಮು ತೆಗೆದು ರುಚಿ ನೋಡಿದಳು. ಕೇಕ್ ಮಾಡಿದವಳು ಮಂಜುಗಡ್ಡೆ ಡಬ್ಬಿಯಲ್ಲಿ ತಂದಿದ್ದ ಮಿಕ್ಕ ಕ್ರೀಮಿನಿಂದ ಎತ್ತಿ ನಿಲ್ಲಿಸಲು ನೋಡಿದಳು. ಸಾಲಲಿಲ್ಲ. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು.

"ಕೆಳಗಿನ ಎರಡನ್ನ ಒಳಗೇ ಕೊಯ್ದು ತಟ್ಟೆಗೆ ಹಾಕಿ ಕೊಡ್ತೀವಿ. ರುಚಿ ಚೆನ್ನಾಗಿದೆ," ಎಂದಳು ಮುಖ್ಯ ಅಡುಗೆಯವಳು. "ಮುಂದಿನದಕ್ಕೆ ನಮ್ಮ ಹಳಬರನ್ನೇ ಕರೀತೀನಮ್ಮ. ಬೇಜಾರು ಮಾಡ್ಕೋಬೇಡಿ."

ಕುಸಿದ ಅಂತಸ್ತನ್ನು ಪೆಟ್ಟಿಗೆಯಲ್ಲೇ ಹೊತ್ತು ವಾಪಸ್ ಬಂದು ಮುಂದಿನ ಸೀಟಿನಲ್ಲಿ ಕೂತಳು. ಕಾರು ತಣಿದಿತ್ತು. ಅವನು ಈಗ ಅವಳು ಹೇಳದೆಯೇ ಎಸಿ ಹಾಕಿದ. ಅಷ್ಟಾದರೂ ನಾಚಿಕೆ ಇದೆ ಎಂದುಕೊಂಡಳು. ರಸ್ತೆ ಖಾಲಿಯಿತ್ತು, ಇಂಜಿನ್ ಬಹಳ ಹೊತ್ತು ಮಲಗಿಯೇ ಇತ್ತು, ತಂಪು ಗಾಳಿ ಮೈಗೆಲ್ಲ ತಾಕುತ್ತಿತ್ತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

ಅವನು ಗಂಟಲು ಸರಿಪಡಿಸಿಕೊಂಡ. ಕ್ಷಮೆ ಕೇಳುತ್ತಾನೆಂದು ಅವಳು ತಿರುಗಿದಳು.

"ಇಲ್ನೋಡು," ಎಂದ ಅವನು, ಮುಖ ಅರಳಿಸಿಕೊಂಡು. "ಎಸಿ ಹಾಕಿದ್ರೂ ಇಪ್ಪತ್ನಾಲ್ಕು ಬರ್ತಿದೆ. ಟವೆಲ್ ತೆಗೆದಿದ್ದು ಒಳ್ಳೇದಾಯ್ತು ಕಣೇ. ಮನೆಗೆ ಹೋದ ತಕ್ಷಣ ಗುಂಪಿಗೆ ಹಾಕ್ಬೇಕು."

"ಕಾರು ನಿಲ್ಲಿಸಿ," ಎಂದಳು.

ಅವನು ಗಾಬರಿಯಾಗಿ ಬದಿಗೆ ತಂದು ನಿಲ್ಲಿಸಿದ. ಅವಳು ಪೆಟ್ಟಿಗೆಯ ಮುಚ್ಚಳ ತೆಗೆದು, ಕರಗಿದ ಕ್ರೀಮನ್ನು ಎಲೆಗಳ ಸಮೇತ ಬೊಗಸೆ ತುಂಬ ಎತ್ತಿ, ಪರದೆಗೆ ಬಳಿದಳು. ಕೇಕಿಗೆ ಬಳಿಯುವಂತೆಯೇ, ಅಂಚಿನಿಂದ ಅಂಚಿನವರೆಗೆ, ಒಂದು ಕಡೆಯೂ ಹಸಿರು ಕಾಣದ ಹಾಗೆ.

"ಈಗ ಓಡ್ಸಿ," ಎಂದಳು. "ರಸ್ತೆ ನೋಡ್ಕೊಂಡು."

ಅವನು ಒರೆಸಲು ಟವೆಲಿಗೆ ಕೈ ಚಾಚಿದ. ಅವಳು ಅದನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಮಗಳಿಗೆ ತೋರಿಸಬೇಕಿತ್ತು. ಕೊಡಲಿಲ್ಲ.