ಮಡುವಿನ ತಳದ ನೀಲಿ

ಮಡುವಿನ ನೀರು ಕುಡಿದು ದನ ಸತ್ತ ವರ್ಷ, ಒಂದು ಹನಿ ಬಣ್ಣವನ್ನೂ ಹೊಳೆಗೆ ಬಿಟ್ಟಿಲ್ಲವೆಂದು ರಬಕವಿಯ ಹುಲೆಪ್ಪ ಗುಡಿಯಲ್ಲಿ ಗಂಟೆ ಬಾರಿಸಿ ಆಣೆ ಮಾಡಿದ್ದ. ನೂಲಿಗೆ ಬಣ್ಣ ಹಾಕುವ ಕೆಲಸವನ್ನೂ ಆಗಲೇ ಬಿಟ್ಟ. ಅದಾದ ಮೇಲೆ ಎಷ್ಟೋ ಸಲ ಕೃಷ್ಣೆಗೆ ಮಹಾಪೂರ ಬಂದಿತ್ತು. ಇನ್ನೇನು ಉಳಿದೀತು ಎಂಬ ಸೊಕ್ಕು ಅವನದು.

ಇವತ್ತು ಅವನ ಕಣ್ಣೆದುರೇ ಕಾಲೇಜಿನ ರಸಾಯನಶಾಸ್ತ್ರದ ಮಾಸ್ತರ ಅನಂತ ಮಡುವಿನ ಕೆಸರಿಗೆ ಕಬ್ಬಿಣದ ಕೊಳವೆ ಇಳಿಸಿ ಎತ್ತಿದ. ಅದರಿಂದ ದಡಕ್ಕೆ ತಳ್ಳಿದ ಕರಿ ಮಣ್ಣಿನ ನಡುವೆ ನೀಲಿ ಪಟ್ಟಿ.

"ಕೊಳೆತ ಎಲಿ, ಕಸದ ಅಂಶ ಮಣ್ಣಿಗೆ ಅಂಟಿರತದ, ಹುಲೆಪ್ಪನವರ. ನಿಮ್ಮ ಬಣ್ಣಾ ಅದನ್ನ ಕಚ್ಚಿ ಹಿಡಕೊಂಡದ. ಯಾವ ಪೂರಕ್ಕೂ ಬಿಡೂದಿಲ್ಲ."

"ನನ್ನ ಆಣಿ ಸುಳ್ಳೇನಲೇ?"

ಹುಲೆಪ್ಪ ಕೊಳವೆ ಕಿತ್ತುಕೊಂಡು ಅವನ ತಲೆಗೇ ಬಾರಿಸಿದ. ಬಿದ್ದವನ ಎದೆಯ ಮೇಲೆ ಕೂತು ಆ ಕೆಸರನ್ನೇ ಹಿಡಿಹಿಡಿಯಾಗಿ ಬಾಯಿಗೆ ತುರುಕಿದ.

"ತಿನ್ನು! ನಿನ್ನ ಸಾಕ್ಷಿ ನೀನ ತಿನ್ನು!"

ಅನಂತನ ಕಾಲುಗಳು ಒದ್ದಾಡಿ ಸುಮ್ಮನಾದವು.

ಹುಲೆಪ್ಪ ಹೊಳೆಗಿಳಿದು ತೊಳೆದುಕೊಂಡ. ರಕ್ತ ಕೈ ಅದ್ದಿದ ಕೂಡಲೇ ಹೋಯಿತು.

ಮನೆಯಲ್ಲಿ ಊಟಕ್ಕೆ ಕೂತಾಗ ರೊಟ್ಟಿ ಹಾಕಲು ಬಂದ ಅವ್ವ ಮುದಕವ್ವ ಅವನ ಕೈ ನೋಡಿದಳು.

"ಉಗುರೆಲ್ಲಾ ನೀಲಿ ಆಗ್ಯಾವಲ್ಲೋ ತಮ್ಮಾ. ಬಣ್ಣದ ಕೆಲಸಾ ಮತ್ತ ಸುರು ಮಾಡಿದೇನು?"