ಹವಳದ ತೊಟ್ಟಿಗೆ ಉಪ್ಪು ಹಾಕಿದವರು

ನನ್ನ ಮುಂದೆ ಸುಳ್ಳು ಹೇಳುವ ಧೈರ್ಯ ಹಾಲಿಗೂ ಇಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಜಂಗಮಕೋಟೆಯಿಂದ ಎರಡು ಮೈಲಿ ದೂರದ ನಮ್ಮೂರಿನ ಮಹಿಳಾ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ನಾನು, ತನುಜ. ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ಸಾಲು ನಿಂತವರ ಹಾಲಿಗೆ ಲ್ಯಾಕ್ಟೋಮೀಟರ್ ಬಿಡುತ್ತೇನೆ. ಹಾಲು ಗಟ್ಟಿಯಿದ್ದರೆ ಆ ಗಾಜಿನ ಕಡ್ಡಿ ಮೇಲಕ್ಕೆ ತೇಲುತ್ತದೆ, ನೀರು ಬೆರೆತಿದ್ದರೆ ಕೆಳಗಿಳಿಯುತ್ತದೆ. ಗೆರೆಯ ಮೇಲಿನ ಸಂಖ್ಯೆ ಓದಿ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತೇನೆ. ಹೀಗಾಗಿ ಊರಲ್ಲಿ ನನಗೆ ಮರ್ಯಾದೆ ಜಾಸ್ತಿ, ಗೆಳತಿಯರು ಕಮ್ಮಿ.

ಇಂಥ ನನ್ನ ಮನೆಗೆ 2007ರ ಮಾರ್ಚ್ ಕೊನೆಯಲ್ಲಿ ಒಂದು ತುಂಡು ಸಮುದ್ರ ಬಂತು. ನನ್ನ ಗಂಡ ಕೆಂಪರಾಜು ಶಿಡ್ಲಘಟ್ಟದಲ್ಲಿ ಫ್ರಿಜ್ ರಿಪೇರಿ ಮಾಡುತ್ತಾರೆ. ಬೆಂಗಳೂರಿನ ಒಬ್ಬರ ಮನೆಯಲ್ಲಿ ಹವಳ ಸಾಕುವ ಗಾಜಿನ ತೊಟ್ಟಿ ಇತ್ತು. ಅದರ ನೀರು ತಂಪು ಮಾಡುವ ಯಂತ್ರ ಕೆಟ್ಟಾಗಲೆಲ್ಲ ಇವರನ್ನೇ ಕರೆಸುತ್ತಿದ್ದರು. ಅವರು ಚಿಕ್ಕ ಮನೆಗೆ ಹೋಗುವಾಗ ತೊಟ್ಟಿ, ಯಂತ್ರ, ಕಲ್ಲು, ಹವಳ ಎಲ್ಲವನ್ನೂ ಇವರಿಗೇ ಕೊಟ್ಟುಬಿಟ್ಟರು. ನೂರೈವತ್ತು ಲೀಟರ್ ಉಪ್ಪುನೀರು ಕ್ಯಾನುಗಳಲ್ಲಿ ಟೆಂಪೋ ಹತ್ತಿ ಬಂತು. ದಾರಿಯಲ್ಲಿ ಉಪ್ಪು ಅಳೆಯುವ ಅವರ ಗಾಜಿನ ಸಾಮಾನು ಒಡೆದುಹೋಯಿತು. ಅದಕ್ಕೇನಂತೆ ಎಂದು ನನ್ನ ಹಳೆಯ ಲ್ಯಾಕ್ಟೋಮೀಟರನ್ನೇ ತಂದು ಒಂದು ಜಾಡಿ ನೀರಿಗೆ ಬಿಟ್ಟೆ. ಉಪ್ಪು ಹೆಚ್ಚಿದ್ದರೂ ಕಡ್ಡಿ ಮೇಲಕ್ಕೇ ತೇಲುತ್ತದೆ. ಇಪ್ಪತ್ತೈದಕ್ಕೆ ನಿಂತಿತು.

"ಅದೇ ನಮ್ಮ ಗುರುತು" ಎಂದರು ಗಂಡ. "ಇವಕ್ಕೆ ನಿನ್ನೆ ಇದ್ದಂಗೇ ಇವತ್ತೂ ನೀರಿರ್ಬೇಕು ತನುಜ. ಉಪ್ಪು ಏರ್ಬಾರ್ದು, ಇಳೀಬಾರ್ದು. ನಿಧಾನಕ್ಕಾದ್ರೆ ತಡ್ಕೊಳ್ತವೆ, ದಿಢೀರ್ ಅಂದ್ರೆ ಸತ್ತೋಗ್ತವೆ. ನಂಗೆ ಬೇಸಿಗೇಲಿ ಕೆಲ್ಸ ಜಾಸ್ತಿ. ನೀರು ಕಮ್ಮಿಯಾದಂಗೆಲ್ಲ ನೀನೇ ತುಂಬ್ಸು."

ಯಾವ ನೀರು ಎಂದು ಅವರು ಹೇಳಲಿಲ್ಲ. ಕೇಳುವುದು ನನ್ನ ಜಾಯಮಾನವಲ್ಲ.

ನಡುಮನೆಯಲ್ಲಿ ತೊಟ್ಟಿ ಕೂತ ಮೇಲೆ ಅದಕ್ಕೆ ಮೊದಲು ಮನಸೋತವರು ನನ್ನ ಅತ್ತೆ ಆಂಜಿನಮ್ಮ. ಮೂರು ಹಸು ಕಟ್ಟಿಕೊಂಡು ಬೆಳಗಿನಿಂದ ದುಡಿಯುವ ಹೆಂಗಸು. ಅವರ ಹಾಲು ಒಂದು ದಿನವೂ ಇಪ್ಪತ್ತೆಂಟರ ಕೆಳಗೆ ಇಳಿದದ್ದಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಮಣೆ ಎಳೆದುಕೊಂಡು, ಎಲೆಅಡಿಕೆ ಹಾಕಿಕೊಂಡು ತೊಟ್ಟಿಯ ಮುಂದೆ ಕೂತುಬಿಡುತ್ತಿದ್ದರು. ಕಲ್ಲಿನ ಮೇಲೆ ತೆಳು ಗುಲಾಬಿ ಬಣ್ಣದ ಮೆತ್ತನೆಯ ಹವಳ ಗೊಂಚಲು ಗೊಂಚಲಾಗಿ ಬೆಳೆದಿತ್ತು. ಒಂದೊಂದು ಕಡ್ಡಿಯ ತುದಿಯಲ್ಲೂ ಪುಟ್ಟ ಬೆರಳುಗಳು. ನೀರು ಹದವಾಗಿದ್ದರೆ ಅವು ಮುಚ್ಚುವುದು, ತೆರೆಯುವುದು, ಮತ್ತೆ ಮುಚ್ಚುವುದು, ಹೀಗೆ ಸುಮ್ಮನಿರುವುದೇ ಇಲ್ಲ.

"ಹಾಲು ಕುಡಿಯೋ ಕೂಸಿನ ಕೈ ಕಣಮ್ಮ ಇವು" ಎನ್ನುತ್ತಿದ್ದರು ಅತ್ತೆ. "ಗಂಗಮ್ಮ ತಾಯಿ ನಮ್ಮನೇಗೆ ಬಂದವ್ಳೆ."

ಬೇಸಿಗೆಯ ಝಳಕ್ಕೆ ದಿನಕ್ಕೆ ಎರಡು ಚೊಂಬಿನಷ್ಟು ನೀರು ಇಂಗಿಹೋಗುತ್ತಿತ್ತು. ನಾನು ಲೆಕ್ಕಾಚಾರದ ಹೆಂಗಸು. ಇಪ್ಪತ್ತೈದರ ನೀರು ಕಮ್ಮಿಯಾದರೆ ಇಪ್ಪತ್ತೈದರ ನೀರನ್ನೇ ತುಂಬಬೇಕು. ಒಳ್ಳೆಯ ಹಾಲಿಗೆ ಒಳ್ಳೆಯ ಹಾಲು ಸೇರಿಸಿದರೆ ಕೆಡುವುದುಂಟೇ? ನಮ್ಮ ಬೋರ್‌ವೆಲ್ ನೀರು ಗಡಸು, ಅದು ಹವಳಕ್ಕೆ ಆಗದು ಎಂದು ಗಂಡ ಫಿಲ್ಟರ್ ನೀರಿನ ಕ್ಯಾನು ತಂದಿಟ್ಟಿದ್ದರು. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಲು ಸಮುದ್ರದ ಉಪ್ಪಿನ ಪ್ಯಾಕೆಟ್ಟೂ ಇತ್ತು. ದಿನಾ ಡೈರಿಯಿಂದ ಬಂದವಳೇ ಬಕೆಟ್ಟಿನಲ್ಲಿ ಆ ನೀರಿಗೆ ಆ ಉಪ್ಪು ಕದಡಿ, ಕಡ್ಡಿ ಬಿಟ್ಟು, ಕರಾರುವಾಕ್ಕಾಗಿ ಇಪ್ಪತ್ತೈದಕ್ಕೆ ತಂದು ತೊಟ್ಟಿಗೆ ಸುರಿಯುತ್ತಿದ್ದೆ. ನನ್ನ ಕೈಚಳಕಕ್ಕೆ ನಾನೇ ಮೆಚ್ಚಿಕೊಳ್ಳುತ್ತಿದ್ದೆ.

ಮೊದಲ ಭಾನುವಾರ ತೊಟ್ಟಿಯ ನೀರು ಅಳೆದರೆ ಇಪ್ಪತ್ತೇಳು. ಎರಡನೆಯ ಭಾನುವಾರ ಇಪ್ಪತ್ತೊಂಬತ್ತು. ಅಷ್ಟರಲ್ಲಿ ಹವಳದ ಬೆರಳುಗಳು ಆಡುವುದನ್ನು ನಿಲ್ಲಿಸಿ, ಬಾಡಿದ ಸೊಪ್ಪಿನ ಹಾಗೆ ಕಲ್ಲಿನ ಮೇಲೆ ಒರಗಿದ್ದವು.

ನನಗೆ ತಕ್ಷಣ ಕಾರಣ ಹೊಳೆಯಿತು, ಅದೇ ನನ್ನ ಕಾಯಿಲೆ. ಹಿಂದಿನ ವಾರ ಪಕ್ಕದ ಮನೆಯ ಕದಿರಮ್ಮ ತೊಟ್ಟಿ ನೋಡಿ, "ಅಬ್ಬ, ಎಂತ ಬಾಗುಂದಿ! ಎಷ್ಟು ಚೆನ್ನಾಗೈತೆ!" ಎಂದು ಕಣ್ಣರಳಿಸಿದ್ದಳು. ಅವಳು ಹೋದ ಮೇಲೆ ಅತ್ತೆ ಒಂದು ಹಿಡಿ ಉಪ್ಪು ತಂದು ತೊಟ್ಟಿಗೆ ದೃಷ್ಟಿ ತೆಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ದೃಷ್ಟಿ ತೆಗೆದ ಉಪ್ಪನ್ನು ನೀರಿಗೆ ಹಾಕಿ ಕರಗಿಸುವುದು ಎಷ್ಟೋ ಮನೆಗಳ ರೂಢಿ. ಇನ್ನೇನು ಬೇಕು?

ಕದಿರಮ್ಮ ಹೆಪ್ಪು ಕೇಳಲು ಬಂದು ಬಾಗಿಲಲ್ಲೇ ನಿಂತಿದ್ದಳು. ಅದನ್ನೂ ಲೆಕ್ಕಿಸದೆ ಕೂಗಾಡಿದೆ. "ದೃಷ್ಟಿ ಉಪ್ಪು ತೊಟ್ಟಿಗೆ ಹಾಕಿದ್ರಾ ಅತ್ತೆ? ದಿನಾ ಹಾಕ್ತಿದ್ದೀರಾ? ಜೀವ ಹೋಗ್ತಿದೆ ಅವಕ್ಕೆ, ಕಾಣಲ್ವಾ ನಿಮ್ಗೆ?"

"ಇಲ್ಲ ಕಣಮ್ಮ, ಒಲೆಗೆ ಹಾಕ್ದೆ. ಒಂದೇ ದಿನ ತೆಗ್ದಿದ್ದು."

"ಹಾಗಾದ್ರೆ ಉಪ್ಪು ತಾನಾಗೇ ಹುಟ್ತಾ?"

ಅತ್ತೆ ನನ್ನ ಮುಖ ನೋಡಿದರು. ಮಣೆಯನ್ನು ಗೋಡೆಗೆ ಒರಗಿಸಿಟ್ಟು ಕೊಟ್ಟಿಗೆಗೆ ಹೊರಟುಹೋದರು. ಮರುದಿನ ಡೈರಿಯ ಸಾಲಿನಲ್ಲಿ ಕದಿರಮ್ಮ, "ಏನ್ ಆಂಜಿನಮ್ಮ, ಉಪ್ಪು ತಿಂದೋರು ನೀರು ಕುಡೀಲೇಬೇಕಲ್ಲ!" ಎಂದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅಂದಿನಿಂದ ಅತ್ತೆ ಹಾಲಿನ ಕ್ಯಾನು ನನ್ನ ಮುಂದಿಟ್ಟು, ಸಂಖ್ಯೆ ಕೇಳಲೂ ನಿಲ್ಲದೆ ಹೊರಡತೊಡಗಿದರು. ಮಧ್ಯಾಹ್ನ ನಡುಮನೆಗೆ ಬರುವುದನ್ನೂ ಬಿಟ್ಟರು, ಹಸುಗಳ ಮಧ್ಯೆಯೇ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

ಎರಡು ದಿನ ಕಳೆದಿತ್ತು. ಒಲೆಯ ಮೇಲೆ ಹುರುಳಿಕಾಳಿನ ಸಾರಿಟ್ಟು ನಾನು ಬಕೆಟ್ಟಿನಲ್ಲಿ ಉಪ್ಪು ಕದಡುತ್ತಿದ್ದೆ. ಸಾರು ಕುದಿದು ಕುದಿದು ಅರ್ಧಕ್ಕೆ ಇಳಿಯಿತು. ಅತ್ತೆ ಕೊಟ್ಟಿಗೆಯಿಂದ ಬಂದು ಒಲೆ ಸಣ್ಣ ಮಾಡಿ, ಸೌಟಿನಲ್ಲಿ ತೆಗೆದು ಅಂಗೈಗೆ ಹಾಕಿ ನೆಕ್ಕಿದರು.

"ಉಪ್ಪಾಗೈತೆ."

"ನಾನು ಸರಿಯಾಗೇ ಹಾಕಿದ್ದೆ" ಎಂದೆ. ಸೋಲುವ ಅಭ್ಯಾಸ ನನಗಿಲ್ಲ.

"ನೀನು ಸರಿಯಾಗೇ ಹಾಕಿದ್ದೆ ಕಣಮ್ಮ. ಇಂಗಿದ್ದು ನೀರು. ಉಪ್ಪು ಎಲ್ಲಿಗೋಗ್ತದೆ, ಅಲ್ಲೇ ಕೂತಿರ್ತದೆ" ಎನ್ನುತ್ತಾ ಒಂದು ಲೋಟ ಬಿಸಿನೀರು ಸುರಿದು ತಿರುವಿದರು. ಅವರು ತೊಟ್ಟಿಯ ಬಗ್ಗೆ ಹೇಳಿರಲಿಲ್ಲ, ಬರೀ ಸಾರಿನ ಬಗ್ಗೆ ಹೇಳಿದ್ದರು. ಆದರೆ ಬಕೆಟ್ಟಿನಲ್ಲಿದ್ದ ನನ್ನ ಕೈ ಅಲ್ಲಿಯೇ ನಿಂತಿತು.

ಆವಿಯಾಗಿ ಹೋಗುತ್ತಿದ್ದದ್ದು ಬರೀ ನೀರು. ನಾನು ತುಂಬುತ್ತಿದ್ದದ್ದು ಉಪ್ಪುನೀರು. ದಿನಾ ಎರಡು ಚೊಂಬಿನ ಉಪ್ಪನ್ನು, ಅಳೆದು ಅಳೆದು, ಹೆಮ್ಮೆಯಿಂದ ಹಾಕಿದವಳು ನಾನೇ. ಸಾರು ಇಂಗಿದರೆ ನೀರು ಹಾಕಬೇಕೆಂದು ಅಡುಗೆ ಕಲಿಯುವ ಹುಡುಗಿಗೂ ಗೊತ್ತು. ಊರವರ ತಟ್ಟೆಯ ನೊಣ ತೋರಿಸುವ ನನ್ನ ತಟ್ಟೆಯಲ್ಲಿ ಹೆಗ್ಗಣವೇ ಬಿದ್ದಿತ್ತು.

ಅಲ್ಲಿಯೇ, ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಬಾಯಿ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಮನಸ್ಸೇ ಬರಲಿಲ್ಲ. ಮೊದಲು ಸರಿಮಾಡೋಣ, ಆಮೇಲೆ ನೋಡೋಣ ಎಂದುಕೊಂಡೆ. ಇಂಗಿದಷ್ಟಕ್ಕೆ ಸಿಹಿನೀರು ತುಂಬತೊಡಗಿದೆ. ಅದರ ಜೊತೆಗೆ ದಿನಕ್ಕೆ ಎರಡೇ ಚೊಂಬು ತೊಟ್ಟಿಯ ನೀರು ತೆಗೆದು, ಅಷ್ಟೇ ಸಿಹಿನೀರು ಹಾಕಿದೆ. ಒಂದೇ ಏಟಿಗೆ ಇಳಿಸಿದರೆ ಹವಳ ತಡೆಯುತ್ತಿರಲಿಲ್ಲ. ಇಪ್ಪತ್ತೆಂಟಾಯಿತು, ಇಪ್ಪತ್ತೇಳಾಯಿತು. ಹನ್ನೊಂದನೆಯ ದಿನ ಇಪ್ಪತ್ತೈದು. ಅಂದು ಮಧ್ಯಾಹ್ನ ಒಂದು ಗೊಂಚಲಿನ ಬೆರಳುಗಳು ಮುಚ್ಚಿ ತೆರೆದವು. ನನಗೆ ಕುಣಿಯುವಷ್ಟು ಖುಷಿಯಾಯಿತು. ಅತ್ತೆಯನ್ನು ಕೂಗಬೇಕೆಂದು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡೆ.

ಮರುದಿನ ಡೈರಿಯಲ್ಲಿ ಅತ್ತೆಯ ಹಿಂದೆಯೇ ಕದಿರಮ್ಮ ನಿಂತಿದ್ದಳು. ಹಿಂದಿನ ಸಂಜೆ ಮನೆಗೆ ಬಂದು ತೊಟ್ಟಿ ನೋಡಿದ್ದಳು.

"ನೋಡಿದ್ರೇನ್ರೇ, ತನುಜಮ್ಮನ ಮನೇ ಹೂವು ಮತ್ತೆ ಅರಳ್ತಾವೆ. ಅತ್ತೆ ಕೈ ನಿಂತಿದ್ದೇ ನಿಂತಿದ್ದು, ಎಲ್ಲಾ ಸರಿಹೋಯ್ತು!"

ನಾನು ಮುಚ್ಚಿಟ್ಟದ್ದು ಹೀಗೆ ತಿರುಗಿ ನಿಲ್ಲುತ್ತದೆಂದು ಎಣಿಸಿರಲಿಲ್ಲ. ನಾನು ತೊಟ್ಟಿಯನ್ನು ಸರಿಮಾಡಿದ್ದೇ ಅತ್ತೆಯ ಮೇಲೆ ಸಾಕ್ಷಿಯಾಗಿಬಿಟ್ಟಿತ್ತು. ಅತ್ತೆ ಕ್ಯಾನಿನ ಹಿಡಿ ಹಿಡಿದು ತಲೆ ತಗ್ಗಿಸಿದ್ದರು. ಮೂವತ್ತು ವರ್ಷ ಹಾಲಿಗೆ ಒಂದು ತೊಟ್ಟು ನೀರು ಬೆರೆಸದ ಹೆಂಗಸು ಕಳ್ಳಿಯ ಹಾಗೆ ನಿಂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಎಲ್ರೂ ಕೇಳ್ರಮ್ಮ" ಎಂದೆ. "ತೊಟ್ಟಿಗೆ ಉಪ್ಪು ಹಾಕಿದ್ದು ನಮ್ಮತ್ತೆ ಅಲ್ಲ. ನಾನು. ಬರೀ ನೀರು ತುಂಬೋ ಕಡೆ ದಿನಾ ಉಪ್ಪುನೀರು ತುಂಬ್ದೆ. ಗೊತ್ತಾಗಿ ಹನ್ನೆರಡು ದಿನ ಆಯ್ತು, ಬಾಯಿ ಮುಚ್ಕೊಂಡಿದ್ದೆ. ಅತ್ತೆ, ತಪ್ಪು ನಂದು."

ಹಿಂದಿನಿಂದ ಗಂಗುಲಮ್ಮ ಎನ್ನುವ ಮುದುಕಿ ಕೇಳಿದಳು, "ನೀರು ಬೆರ್ಸಿದ್ರೆ ನಮ್ಮ ಹಾಲು ವಾಪಸ್ಸು. ಉಪ್ಪು ಬೆರ್ಸಿದ್ರೆ ಟೆಸ್ಟರಮ್ಮನ್ನ ಎಲ್ಲಿಗೆ ವಾಪಸ್ ಕಳ್ಸೋದು?"

ಇಡೀ ಸಾಲು ನಕ್ಕಿತು. ಕದಿರಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನೂ ನಕ್ಕೆ, ಕಣ್ಣು ಒರೆಸಿಕೊಂಡೆ. ಅತ್ತೆ ಮಾತ್ರ ನಗಲಿಲ್ಲ.

"ಹಾಲು ನೋಡಮ್ಮ, ಹಿಂದೆ ಜನ ನಿಂತವ್ರೆ" ಎಂದರು.

ಅಂದು ಮಧ್ಯಾಹ್ನ ಊಟವಾದ ಮೇಲೆ ನಾನು ಸಿಹಿನೀರಿನ ಚೊಂಬು ಹಿಡಿದು ತೊಟ್ಟಿಯ ಹತ್ತಿರ ನಿಂತಿದ್ದೆ. ಅತ್ತೆ ಒಳಗೆ ಬಂದರು. ಮಣೆ ಎಳೆದುಕೊಂಡು ಕೂತು ಹವಳವನ್ನು ತುಂಬಾ ಹೊತ್ತು ನೋಡಿದರು. ಈಗ ಮೂರು ಗೊಂಚಲು ಆಡುತ್ತಿದ್ದವು.

"ಇನ್ಮೇಲೆ ನೀರು ನೀವೇ ಹಾಕಿ ಅತ್ತೆ" ಎಂದೆ.

ಚೊಂಬು ಇಸಿದುಕೊಂಡು, ಬೆರಳು ಅದ್ದಿ ನಾಲಿಗೆಗೆ ಇಟ್ಟು ನೋಡಿದರು. ಸಿಹಿನೀರೇ ಎಂದು ಖಾತರಿಯಾದ ಮೇಲೆ ಗಾಜಿನ ಅಂಚಿಗೆ ಸಣ್ಣಗೆ, ನಿಧಾನವಾಗಿ ಬಿಟ್ಟರು. ಆಮೇಲೆ ಕೈ ಚಾಚಿ, "ಆ ಕಡ್ಡಿ ತಂದು ಅಳಿ" ಎಂದರು.

ಜಾಡಿಯಲ್ಲಿ ನೀರು ತೆಗೆದು ಕಡ್ಡಿ ಬಿಟ್ಟೆ. "ಇಪ್ಪತ್ತೈದು."

"ಇನ್ನೊಂದ್ಸಲ ನೋಡು."

ಡೈರಿಯಲ್ಲಿ ಯಾರು ಎಷ್ಟು ಗೋಗರೆದರೂ ನಾನು ಎರಡನೆಯ ಸಲ ನೋಡಿದವಳಲ್ಲ. ನೆಲಕ್ಕೆ ಮಂಡಿಯೂರಿ, ಗೆರೆಯ ಮಟ್ಟಕ್ಕೆ ಕಣ್ಣು ತಂದು, ಉಸಿರು ಬಿಗಿಹಿಡಿದು ಮತ್ತೆ ನೋಡಿದೆ.

"ಇಪ್ಪತ್ತೈದೇ ಅತ್ತೆ."

"ಹ್ಞೂಂ" ಎಂದರು ಅತ್ತೆ. "ಈಗ ನಂಬ್ತೀನಿ."