ಬಿಟ್ಟಿ ಬೆವರಿನ ತರಕಾರಿ

ಅರುವತ್ತೆರಡನೇ ಇಸವಿಯ ಮಳೆಗಾಲದ ಮೊದಲಿಗೇ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದು ನನ್ನ ಕಾಲು ಮುರಿಯಿತು. ಕಾಪುವಿಗೆ ಮದುವೆಯಾಗಿ ಬಂದಂದಿನಿಂದ ಮೇರಿ ಮಾತೆಯ ಮೊಂತಿ ಹಬ್ಬಕ್ಕೆ ಒಂದು ಬೆಂಡೆಯನ್ನೂ ದುಡ್ಡು ಕೊಟ್ಟು ತಂದವಳಲ್ಲ ಈ ವೆರೊನಿಕಾ. ಹೊಸ ಅಕ್ಕಿಯ ಆ ಹಬ್ಬದ ದಿನ ನಮಗೆ ಮೀನು ಮಾಂಸ ಇಲ್ಲ, ಎಲೆ ತುಂಬ ತರಕಾರಿಯೇ. ಗಂಡ ತೀರಿಹೋದ ಮೇಲೂ ನನ್ನ ಹಿತ್ತಿಲಿನದ್ದನ್ನೇ ಬಡಿಸಿದ್ದೆ, ಇಲ್ಲದವರ ಮನೆಗೂ ಕಳುಹಿಸಿದ್ದೆ. ಈಗ ನೋಡಿದರೆ ಜಗಲಿಯ ಮಂಚದ ಮೇಲೆ ಕೊರಡಿನ ಹಾಗೆ ಬಿದ್ದಿದ್ದೇನೆ.

ಇಗರ್ಜಿಯ ಪೂಜೆಗೆ ನನ್ನ ಜೊತೆ ಬರುವ ಐರಿನ್, ಅವಳೊಂದಿಗೆ ನಾಲ್ಕಾರು ಹೆಂಗಸರು, ಬೇಲಿಯಾಚೆಯ ಕರುಣಾಕರ, ಎಲ್ಲ ಕರೆಯದೆಯೇ ಬಂದು ನನ್ನ ಹಿತ್ತಿಲಿನಲ್ಲಿ ಹಾರೆ ಹಿಡಿದರು. ನಾನು ಮಂಚದಿಂದಲೇ ಬೈಯಲು ಶುರು ಹಚ್ಚಿಕೊಂಡೆ. ಅಲಸಂಡೆಗೆ ಚಪ್ಪರ ಹಾಕುವುದು ಹೀಗಾ? ಬೂದಿಯನ್ನು ಹರಿವೆಯ ಬುಡಕ್ಕೆ ಹಾಕುವುದಾ, ಮುಖಕ್ಕೆ ಎರಚುವುದಾ? ಕರುಣಾಕರ ಒಂದು ದಿನ ಉಡುಪಿಯಿಂದ ಸಲ್ಫೇಟ್ ಗೊಬ್ಬರ ತಂದು, ಗಿಡ ಬೇಗ ಮೇಲೆ ಬರುತ್ತದೆ ಎಂದ. ನನಗೆ ಮೈಯೆಲ್ಲ ಉರಿಯಿತು. ಆ ಅಂಗಡಿ ಉಪ್ಪು ನನ್ನ ಮಣ್ಣಿಗೆ ಬಿದ್ದರೆ ಕುಂಟುತ್ತಾ ಬಂದು ನಿನ್ನನ್ನೇ ಹೂಳುತ್ತೇನೆ ಎಂದೆ. ಪಾಪ, ಚೀಲವನ್ನು ವಾಪಸು ಹೊತ್ತುಕೊಂಡು ಹೋದ. ಮರುದಿನದಿಂದ ತನ್ನ ಹಟ್ಟಿಯ ಸೆಗಣಿಯನ್ನೇ ಬುಟ್ಟಿ ಬುಟ್ಟಿ ತಂದು ಸುರಿದ.

ಹಬ್ಬದ ಮುನ್ನಾದಿನ ಬೆಂಡೆ, ಹೀರೆ, ಅಲಸಂಡೆ, ಕೆಸುವಿನ ದಂಟು ಎಲ್ಲ ಜಗಲಿಗೆ ಬಂತು. ಸಂತೋಷವಾಗುವ ಬದಲು ನನಗೆ ಅಳು ಬಂತು. ಕೊಡುತ್ತಿದ್ದ ಕೈ ಬೇಡುವ ಕೈ ಆಯಿತಲ್ಲ. ಕೂಲಿ ಎಂದರೆ ಒಬ್ಬರೂ ಕೈ ಚಾಚಲಿಲ್ಲ. ಕೊನೆಗೆ ಕರುಣಾಕರನನ್ನು ತಡೆದು ನಿಲ್ಲಿಸಿದೆ.

"ಬಿಟ್ಟಿ ಬೆವರಿನ ಊಟ ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಮಾರಾಯ. ಏನಾದರೂ ತೆಗೆದುಕೋ. ಇಲ್ಲದಿದ್ದರೆ ಇದನ್ನೆಲ್ಲ ನಿನ್ನ ದನಕ್ಕೆ ಹಾಕು."

ಅವನು ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡ.

"ಬಾಯಮ್ಮ, ನನ್ನ ಅಮ್ಮ ಹೋಗಿ ವರ್ಷವಾಯಿತು. ಅಲ್ಲಿಂದೀಚೆಗೆ ನನ್ನನ್ನು ಬೈಯುವವರು ಯಾರೂ ಇಲ್ಲ. ಬೆಳಗ್ಗೆ ಎದ್ದರೆ ಮನೆಯಲ್ಲಿ ಕೂರಲಿಕ್ಕೆ ಆಗುವುದಿಲ್ಲ, ಇಲ್ಲಿಗೆ ಬರುತ್ತೇನೆ. ಇನ್ನು ನೀವು ಎಂತ ಕೊಡುವುದುಂಟು?"

ನಾನು ಬಾಯಿಬಡುಕಿ ಎಂದು ಊರಿಗೇ ಗೊತ್ತು. ಆ ದಿನ ಮಾತ್ರ, ನಾಳೆ ಊಟಕ್ಕೆ ಬಾ ಎಂಬುದನ್ನೂ ನಾನೇ ಹೇಳದೆ ಅವನಿಗೆ ಐರಿನ್ ಕೈಯಲ್ಲಿ ಹೇಳಿ ಕಳುಹಿಸಿದೆ.

ಮರುದಿನ ಅವನು ಒಗೆದ ಅಂಗಿ ಹಾಕಿಕೊಂಡು ಬಂದು ನನ್ನ ಮಂಚದ ಪಕ್ಕ ಎಲೆಯ ಮುಂದೆ ಕೂತ. ಐರಿನ್ ಬಡಿಸಿದಳು. ಸೇರದೋ ಏನೋ, ಕೆಸುವಿನ ದಂಟನ್ನು ಮೆಲ್ಲಗೆ ಬದಿಗೆ ಸರಿಸಿದ.

"ಅದನ್ನು ಯಾರು ತಿನ್ನುವುದು, ನಿನ್ನ ಅಜ್ಜನಾ?" ಎಂದೆ.

ಅವನು ತಲೆ ತಗ್ಗಿಸಿ, ಕಣ್ಣೊರೆಸಿಕೊಳ್ಳುತ್ತಾ ಅದನ್ನೂ ತಿಂದ. ನಾನೂ ಉಂಡೆ.